ಕುಶಾಲಪ್ಪನ ಮಂಡಿ

“ನೋವಿದೆಯಾ ಅಂತ ಕೇಳಿದ್ರೆ ಏನಂತೀರಿ?” ಮಿಲಿಟರಿ ಆಸ್ಪತ್ರೆಯ ಬಾಗಿಲಲ್ಲಿ ಹೆಂಡತಿ ಮತ್ತೆ ಕೇಳಿದಳು.

“ಇದೆ ಅಂತೀನಿ ಮಾರಾಯ್ತಿ.” ನಿವೃತ್ತ ಹವಾಲ್ದಾರ್ ಕುಶಾಲಪ್ಪ ಊರುಗೋಲು ಊರಿಕೊಂಡು ಒಳಗೆ ಹೋದ.

ಡಾಕ್ಟರು ಅವನ ಮಂಡಿ ಮಡಚಿ ನೋಡಿ ಮರುಗಿದರು. “ಕೀಲೇ ಸವೆದುಹೋಗಿದೆ. ಐವತ್ತು ಪರ್ಸೆಂಟ್ ಅಂಗವೈಕಲ್ಯ ಅಂತ ಬರೆದಿದ್ದೀನಿ. ಕರ್ನಲ್ ಸಾಹೇಬರು ಒಂದು ಮಾತು ಕೇಳಿ ಸಹಿ ಹಾಕಿದರೆ ನಿಮ್ಮ ಪೆನ್ಷನ್ ಹೆಚ್ಚಾಗುತ್ತೆ.”

ಅಷ್ಟರಲ್ಲಿ ಬಾಗಿಲು ತೆರೆಯಿತು. ಕರ್ನಲ್ಲರ ಟೋಪಿ ಕಂಡದ್ದೇ ತಡ, ಕುಶಾಲಪ್ಪನ ಊರುಗೋಲು ಕೆಳಗೆ ಬಿತ್ತು. ಎದೆ ಸೆಟೆಸಿ, ನೋಯುವ ಕಾಲನ್ನೇ ಎತ್ತಿ ನೆಲಕ್ಕೆ ಅಪ್ಪಳಿಸಿ ಸೆಲ್ಯೂಟ್ ಹೊಡೆದ. ಕಣ್ಣಲ್ಲಿ ನೀರು ಚಿಮ್ಮಿತು.

ಕರ್ನಲ್ಲರು ಅವನನ್ನೇ ದಿಟ್ಟಿಸಿದರು. “ನೋವಿದೆಯಾ, ಹವಾಲ್ದಾರ್?”

“ಇಲ್ಲ ಸರ್!”