ಹಿತ್ತಾಳೆ ಬೋಗುಣಿ

ಕಸುಬಿನ ಜ್ಞಾನವೆಲ್ಲ ಕಂಪನಿಯ ಆಸ್ತಿ ಎಂದು ಸರ್ಕಾರ ಕಾಯ್ದೆ ಮಾಡಿದ ಮೇಲೆ, ನಿವೃತ್ತರಾಗುವವರ ತಲೆಯಿಂದ ಅದನ್ನು ಗೇಟಿನಲ್ಲೇ ತೆಗೆದಿಟ್ಟುಕೊಂಡು ಕಳಿಸುತ್ತಿದ್ದರು. ಕಾಫಿ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸದಲ್ಲಿದ್ದ ಮರುಳಪ್ಪನವರೂ ಇವತ್ತು ನಾಲಗೆಯ ವಿದ್ಯೆಯನ್ನೆಲ್ಲ ಒಪ್ಪಿಸಿ ಮನೆಗೆ ಬಂದರು.

ಹೆಂಡತಿ ಸುಮಂಗಲಮ್ಮ ಎಂದಿನಂತೆ ಕಾಫಿ ಕೊಟ್ಟು, ಪಕ್ಕದಲ್ಲಿ ಹಿತ್ತಾಳೆ ಬೋಗುಣಿಯಿಟ್ಟು, ಉಸಿರು ಬಿಗಿಹಿಡಿದು ನಿಂತರು. ಮದುವೆಯಾದಾಗಿನಿಂದ ಗಂಡ ಮೊದಲ ಗುಟುಕನ್ನು ಬಾಯಲ್ಲಿ ಹೊರಳಾಡಿಸಿ, ಆ ಬೋಗುಣಿಗೆ ಉಗಿದು, "ಸೀದಿದೆ" ಎಂದೋ "ಹುಳಿ ಜಾಸ್ತಿ" ಎಂದೋ ತೀರ್ಪು ಕೊಡುತ್ತಿದ್ದರು.

ಮರುಳಪ್ಪನವರು ಮೊದಲ ಗುಟುಕನ್ನು ಸುಮ್ಮನೆ ನುಂಗಿದರು. ನೋಡನೋಡುತ್ತಲೇ ಲೋಟ ಖಾಲಿ ಮಾಡಿದರು.

"ಇನ್ನೊಂದ್ ಲೋಟ ಇದ್ಯೇನೇ?" ಎಂದವರು ಬೋಗುಣಿ ನೋಡಿ ಕೇಳಿದರು, "ಇದ್ಯಾಕೆ ಇಲ್ಲಿ?"

ಸುಮಂಗಲಮ್ಮ ಅದನ್ನು ತಟ್ಟನೆ ಎತ್ತಿಕೊಂಡರು. "ಇದಾ? ಗಿಡಕ್ಕೆ ನೀರು ಹಾಕೋದು ಕಣ್ರೀ."