ಬಚ್ಚಲ ಜೋಡಿ

ವರ್ಷದಿಂದ ವರ್ಷಕ್ಕೆ ಏರಿದ ಬಿಸಿಲು ಊರ ಕೆರೆಯ ಕೆಸರನ್ನೂ ಬಿಡದೆ ಹೀರಿ, ಕಪ್ಪೆಗಳ ವಂಶವನ್ನೇ ಸುಟ್ಟಿತ್ತು. ಹುಲಿಗೆವ್ವನ ಬಚ್ಚಲ ತಂಪಿನಲ್ಲಿ ಮಾತ್ರ ಒಂದು ಜೋಡಿ ಉಳಿದಿತ್ತು. ಮಳೆಗಾಗಿ ಕಪ್ಪೆಗಳ ಮದುವೆ ಮಾಡಲೆಂದು ಗೌಡ್ತಿ ಬುಟ್ಟಿ ಹಿಡಿದು ಬಂದಳು.

“ಒಯ್ಯಬ್ಯಾಡ್ರೀ ಯವ್ವಾ, ಬಿಸಿಲು ತಾಳಂಗಿಲ್ಲ. ಇವೂ ಹೋದ್ರ ಊರಾಗ ತತ್ತಿ ಇಡಾಕ ಒಂದೂ ಕಪ್ಪಿ ಇರಂಗಿಲ್ಲ.”

“ಮದುವಿ ಮಾಡಾಕ ಒಯ್ತೀವಿ, ಮಣ್ಣು ಮಾಡಾಕಲ್ಲ. ಸಂಜೀಕ ತಂದು ಕೊಡ್ತೀನಿ.”

“ಹಂಗಾರ ನಾನೂ ಬಂದು ಮ್ಯಾಲ ನೀರು ಚಿಮುಕಿಸ್ತೀನಿ.”

“ಗಂಡ ಸತ್ತಾಕಿ, ಹಂದರದಾಗ ಕಾಲಿಡ್ತಿಯೇನ?”

ಕಪ್ಪೆಗಳಿಗೆ ಅರಿಶಿನ ಬಳಿದು, ಹೆಣ್ಣಿಗೆ ಕುಂಕುಮವಿಟ್ಟು ತಾಳಿ ಕಟ್ಟಿ, ಉರಿಬಿಸಿಲಲ್ಲಿ ಓಣಿ ಓಣಿ ಮೆರೆಸಿದರು.

ಸಂಜೆ ಗೌಡ್ತಿ ಹೊಸ್ತಿಲಾಚೆಯಿಂದಲೇ ಬುಟ್ಟಿಯನ್ನು ಒಳಕ್ಕೆ ನೂಕಿದಳು. ಹುಲಿಗೆವ್ವ ಮುಚ್ಚಳ ತೆಗೆದು ನೋಡಿದರೆ, ಹೆಣ್ಣುಕಪ್ಪೆಯೊಂದೇ ಏದುಸಿರು ಬಿಡುತ್ತಿತ್ತು.

“ಗಂಡು ಬಿಸಿಲಿಗೆ ಸತ್ತೈತಿ. ಇದರ ತಾಳಿ ಹರದು ಕುಂಕುಮ ಅಳಿಸೇವಿ. ಇನ್ನ ಮಂದಿಗೆ ಎದುರು ಬಿಡಬ್ಯಾಡ.”