ಗಾಜಿನ ಮೇಲಿನ ಎಳೆಗಳು

ನೀರು ಬಿದ್ದರೆ ಕಲ್ಲಿನ ರಾಸಾಯನಿಕ ಪರೀಕ್ಷೆ ಕೆಡುತ್ತದೆಂದು, ನಮ್ಮ ಪ್ರಯೋಗಾಲಯದ ಗ್ಯಾಬ್ರೊ ಎಂಬ ಕಪ್ಪು ಕಲ್ಲುಗಳನ್ನು ಹಾಲಪ್ಪ ಇಪ್ಪತ್ತು ವರ್ಷ ನೀರಿಲ್ಲದೆಯೇ, ಏಳುವ ದೂಳಿನ ನಡುವೆ ಕೊಯ್ದ. ಹಾಗೆ ಕೊಯ್ಯಲು ಹೇಳಿದವಳು ನಾನೇ.

ಅಂದು ಅವನೇ ಸೂಕ್ಷ್ಮದರ್ಶಕದಲ್ಲಿಟ್ಟು ನೋಡುವ ಒಂದು ಗಾಜಿನ ತುಣುಕು ತಂದ.

“ಇದ್ಯಾವ ಕಲ್ಲಂತ ನೋಡ್ರಿ ಮೇಡಂ.”

“ಏನು ಹಾಲಪ್ಪ, ನನಗೇ ಪರೀಕ್ಷೆ ಇಟ್ಟೆಯಾ?”

ಅವನು ನಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಸೂಜಿಯಂಥ ಎಳೆಗಳು ಕಂಡವು.

“ಕಲ್ನಾರು, ಆಸ್ಬೆಸ್ಟಾಸ್. ನೆಲದೊಳಗಿನ ಬಿಸಿನೀರಿಗೆ ಮಾರ್ಪಟ್ಟ ನಮ್ಮ ಗ್ಯಾಬ್ರೊದಲ್ಲಿ ಸಿಗೋದು ಇದೇ.”

“ಬ್ಯಾರೆ ಕಡೇದಿರಬಹುದೇನ್ರಿ? ಇನ್ನೊಮ್ಮೆ ನೋಡ್ರಿ.”

ಅವನ ದನಿ ಬೇಡುವಂತಿತ್ತು. ಇನ್ನೊಮ್ಮೆ ನೋಡಿದೆ.

“ನಮ್ಮದೇ ಅನ್ನಿಸುತ್ತೆ. ಆದ್ರೆ ಬರೀ ಎಳೆ ಇದೆಯಲ್ಲ, ಕಲ್ಲೆಲ್ಲಿ? ಯಾವ ಮಾದರಿಯಿಂದ ಕೊಯ್ದೆ?”

ಹಾಲಪ್ಪ ಗಾಜಿನ ತುಣುಕನ್ನು ಕೈಗೆತ್ತಿಕೊಂಡ.

“ನಾ ಕೊಯ್ದಿಲ್ರಿ. ನನ್ನ ಎದಿಯೊಳಗಿಂದ ಡಾಕ್ಟರು ತಗದಾರ.”